ಟಾಯ್ ಎನ್ನುವ ಪುಟ್ಟ ತಳಿಯ ನಾಯಿಮರಿ ಬೆಳೆದ ಮೇಲೆ ಎಷ್ಟು ದೊಡ್ಡದಾಗುತ್ತದೆ? ಕೊಳ್ಳುವ ಮುನ್ನ ಹೋಲಿಸಿ ನೋಡಬೇಕಾದ್ದು

"ಅಕ್ಕಾ, ಇದು ಟೀಕಪ್ ಪೊಮ್. ಅರವತ್ತು ದಿನದ ಮರಿ. ಇನ್ನು ಜಾಸ್ತಿ ಬೆಳೆಯಲ್ಲ, ಬ್ಯಾಗಲ್ಲೇ ಇಟ್ಕೊಂಡು ಓಡಾಡಬಹುದು."

ಆರು ವರ್ಷದ ಹಿಂದೆ ಬೆಂಗಳೂರಿನಲ್ಲಿ ಮರಿ ಮಾರುವವನೊಬ್ಬ ಹೀಗೆ ಹೇಳಿ ನನ್ನ ಅಂಗೈ ಮೇಲೆ ಒಂದು ಬಿಳಿ ಮರಿಯನ್ನು ಇಟ್ಟ. ಪೊಮ್ ಎಂದರೆ ಪೊಮೆರೇನಿಯನ್ ತಳಿ, ಟೀಕಪ್ ಎಂದರೆ ತೀರಾ ಪುಟ್ಟದು ಎಂದು ಮಾರುವವರು ಇಡುವ ಹೆಸರು. ನಮಗೆ ಚಿಕ್ಕ ನಾಯಿಯೇ ಬೇಕಾಗಿತ್ತು, ಅದಕ್ಕೆ ಕಾರಣವೂ ಇತ್ತು. ನಮ್ಮದು ಲಿಫ್ಟ್ ಇಲ್ಲದ ಮೂರನೇ ಮಹಡಿ. ಹಗಲಿಡೀ ಮನೆಯಲ್ಲಿರುವವರು ನಮ್ಮ ಅತ್ತೆ ಒಬ್ಬರೇ. ಅವರಿಗೆ ಮಂಡಿ ನೋವು. ನಾಯಿಗೆ ಹುಷಾರು ತಪ್ಪಿದರೆ ಎತ್ತಿಕೊಂಡು ಕೆಳಗಿಳಿಯುವ ಹಾಗಿರಬೇಕು, ಮೂರು ಕೆಜಿ ದಾಟಬಾರದು ಎಂದು ಮನೆಯಲ್ಲಿ ಮಾತಾಗಿತ್ತು. ಅಡುಗೆಮನೆಯ ತಕ್ಕಡಿಯಲ್ಲಿ ಇಟ್ಟು ನೋಡಿದರೆ ಮರಿ 900 ಗ್ರಾಂ. ಸಾಸಿವೆ ಎಂದು ಹೆಸರಿಟ್ಟೆವು.

ಇಂದು ಸಾಸಿವೆಯ ತೂಕ 7.1 ಕೆಜಿ. ಬೊಜ್ಜಲ್ಲ. ಪಕ್ಕೆಲುಬು ಬೆರಳಿಗೆ ಸಿಗುತ್ತವೆ, ಸೊಂಟ ಸರಿಯಾಗಿದೆ, ಆರೋಗ್ಯವಾಗಿದ್ದಾಳೆ. ಅವಳು ಇರಬೇಕಾದ ತೂಕವೇ ಅದು. ತಪ್ಪಾಗಿದ್ದು ನಾವು ಕೇಳಿಸಿಕೊಂಡ ಮಾತು. ಅಂದಿನಿಂದ ನೆಂಟರು, ಪಕ್ಕದ ಮನೆಯವರು, ಆಫೀಸಿನವರು ಯಾರೇ ಮರಿ ತರಲು ಹೊರಟರೂ ನನ್ನನ್ನೊಮ್ಮೆ ಕೇಳುತ್ತಾರೆ. ಅವರಿಗೆ ಬಿಡಿಬಿಡಿಯಾಗಿ ಹೇಳುತ್ತಾ ಬಂದದ್ದನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಮೊದಲು ವಯಸ್ಸು, ಆಮೇಲೆ ಗಾತ್ರ

ಮನೆಗೆ ತಂದ ಎರಡನೇ ದಿನ ಪಶುವೈದ್ಯರ ಬಳಿ ಹೋದೆವು. ಅವರು ಮರಿಯ ತುಟಿ ಮೇಲೆತ್ತಿ, ಕಿರುಬೆರಳನ್ನು ದವಡೆಯ ಉದ್ದಕ್ಕೂ ಆಡಿಸಿದರು. "ಮೇಡಂ, ಮುಂದಿನ ಹಲ್ಲು ಈಗಷ್ಟೇ ಮೊಳೆತಿವೆ. ದವಡೆ ಕಡೆ ಬರೀ ವಸಡು. ಇದು ಅರವತ್ತು ದಿನದ ಮರಿ ಅಲ್ಲ. ಐದು ವಾರ ಆಗಿದ್ದರೆ ಹೆಚ್ಚು." ನನ್ನ ಬೆರಳನ್ನೂ ಹಿಡಿದು ಆ ವಸಡಿನ ಮೇಲೆ ಇಡಿಸಿದರು. ನುಣುಪಾಗಿ, ಮೆತ್ತಗೆ, ಹಲ್ಲಿನ ಸುಳಿವೇ ಇಲ್ಲ. ಕಣ್ಣಿನಲ್ಲಿ ಎಳೆ ಮರಿಗಳಿಗಿರುವ ಮಂಕು ನೀಲಿ ಇನ್ನೂ ಹೋಗಿರಲಿಲ್ಲ. ನಡೆಯುವಾಗ ಹಿಂಗಾಲು ಅಗಲಕ್ಕೆ ಜಾರುತ್ತಿದ್ದವು. ತಾಯಿಯ ಹಾಲು ಕುಡಿಯಬೇಕಾದ ಕೂಸನ್ನು ಬಿಡಿಸಿ ತಂದಿದ್ದೆವು.

ಲೆಕ್ಕ ತಪ್ಪಿದ್ದು ಅಲ್ಲೇ. ಎಂಟು ವಾರದ ಮರಿ 900 ಗ್ರಾಂ ಇದ್ದರೆ ಅದು ಮುಂದೆ ಎರಡೂವರೆ, ಮೂರು ಕೆಜಿಯ ನಾಯಿ ಆಗುತ್ತದೆ ಎಂದು ಅಂದಾಜಿಸುವುದು ಸರಿಯೇ. ಆದರೆ ಐದೇ ವಾರಕ್ಕೆ 900 ಗ್ರಾಂ ತೂಗುವ ಮರಿ ಏಳು ಕೆಜಿಗೆ ಹೋಗುವ ಮರಿ. ಮರಿ ಒಂದೇ, ತಕ್ಕಡಿ ಒಂದೇ. ಮೂರು ವಾರದ ಸುಳ್ಳು ನಾಲ್ಕು ಕೆಜಿಯ ವ್ಯತ್ಯಾಸ ತಂದಿತು.

ಬಹಳ ಕಡೆ "ಟೀಕಪ್" ಎಂದು ತೋರಿಸುವ ಮರಿ ಚಿಕ್ಕ ಜಾತಿಯದ್ದಲ್ಲ, ಚಿಕ್ಕ ವಯಸ್ಸಿನದು. ಆದ್ದರಿಂದ ಎಷ್ಟು ಚಿಕ್ಕದಿದೆ ಎಂದು ನೋಡುವ ಮೊದಲು ಎಷ್ಟು ವಾರದ್ದು ಎಂದು ಖಚಿತ ಮಾಡಿಕೊಳ್ಳಿ. ನಾಯಿಮರಿಗೆ ಒಟ್ಟು 28 ಹಾಲುಹಲ್ಲು. ಮುಂದಿನವು ಮೂರು ನಾಲ್ಕು ವಾರಕ್ಕೆ ಕಾಣಿಸಿಕೊಂಡು, ಎಂಟು ವಾರದ ಹೊತ್ತಿಗೆ ಬಾಯಿ ಬಹುಪಾಲು ತುಂಬಿರುತ್ತದೆ. ಟಾಯ್ ತಳಿಗಳಲ್ಲಿ ಹಲ್ಲು ಸ್ವಲ್ಪ ತಡವಾಗಿ ಬರುವುದೂ ಉಂಟು. ಹಾಗಾಗಿ ಹಲ್ಲೊಂದನ್ನೇ ನಂಬದೆ ಕಣ್ಣು, ನಡಿಗೆ, ಗಟ್ಟಿ ಆಹಾರ ತಿನ್ನುವ ರೀತಿ ಎಲ್ಲವನ್ನೂ ಒಟ್ಟಿಗೆ ನೋಡಬೇಕು. ಎಂಟು ವಾರದ ಮರಿ ಓಡುತ್ತದೆ, ಜಗಳಕ್ಕೆ ಬರುತ್ತದೆ, ನೆನೆಸಿದ ಒಣ ನಾಯಿ ಆಹಾರವನ್ನು ತಾನೇ ತಿನ್ನುತ್ತದೆ. ಅಂಗೈಯಲ್ಲಿ ಸುಮ್ಮನೆ ಮಲಗಿರುವ ಮರಿ ಪಾಪದ ಮರಿ ಎಂದು ಮನಸ್ಸು ಕರಗುತ್ತದೆ. ಅದು ತೀರಾ ಎಳೆಯದಿರಬಹುದು, ಇಲ್ಲವೇ ಕಾಯಿಲೆ ಬಿದ್ದಿರಬಹುದು.

ಕಾನೂನೂ ನಿಮ್ಮ ಕಡೆಗಿದೆ. ಕೇಂದ್ರ ಸರ್ಕಾರ 2017ರಲ್ಲಿ ತಂದ ನಾಯಿ ಸಾಕಣೆ ಮತ್ತು ಮಾರಾಟದ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಬ್ರೀಡರ್, ಅಂದರೆ ನಾಯಿಗಳಿಂದ ಮರಿ ಮಾಡಿಸಿ ಮಾರುವವರು, ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಹದಿನೆಂಟು ತಿಂಗಳಾಗದ ಹೆಣ್ಣು ನಾಯಿಯಿಂದ ಮರಿ ಮಾಡಿಸುವಂತಿಲ್ಲ. "ನೋಂದಣಿ ಸಂಖ್ಯೆ ಕೊಡಿ" ಎಂದು ಕೇಳಿದಾಗ ಎದುರಿನವರ ದನಿ ಬದಲಾದರೆ ಅಲ್ಲಿಂದ ಎದ್ದು ಬನ್ನಿ.

ತಳಿಗೆ ತಳಿ ಹೋಲಿಸಿದರೆ

"ಟಾಯ್" ಎಂಬ ಒಂದೇ ಹೆಸರಿನಡಿ ಎರಡು ಕೆಜಿಯ ನಾಯಿಯೂ ಇದೆ, ಎಂಟು ಕೆಜಿಯದೂ ಇದೆ. ನಾಲ್ಕು ಪಟ್ಟು ಅಂತರ. ಮನೆಗೆ ಯಾವುದು ಹೊಂದುತ್ತದೆ ಎಂದು ತೂಗಿ ನೋಡುವಾಗ ತಳಿಯ ಸರಾಸರಿ ತೂಕವನ್ನು ಹಿಡಿದುಕೊಳ್ಳಬೇಡಿ. ಮೇಲಿನ ಮಿತಿಯನ್ನು ಹಿಡಿಯಿರಿ. ಆ ಮಿತಿಯಷ್ಟು ಬೆಳೆದರೂ ನಮಗೆ ಸರಿಯೇ ಎಂದು ಮನಸ್ಸು ಒಪ್ಪಿದರೆ ಮಾತ್ರ ಆ ತಳಿ ನಿಮ್ಮದು.

ನಮ್ಮೂರುಗಳಲ್ಲಿ ಅತಿ ಹೆಚ್ಚು ಗೊಂದಲ ಆಗುವುದು ಪೊಮೆರೇನಿಯನ್ ಮತ್ತು ಇಂಡಿಯನ್ ಸ್ಪಿಟ್ಜ್ ನಡುವೆ. ನಾವು ಚಿಕ್ಕವರಿದ್ದಾಗ ಬೀದಿಗೊಂದರಂತೆ ಇದ್ದ ಬಿಳಿ "ಪಾಮೇರಿಯನ್" ನೆನಪಿದೆಯಲ್ಲ? ಅವುಗಳಲ್ಲಿ ಬಹುಪಾಲು ಇಂಡಿಯನ್ ಸ್ಪಿಟ್ಜ್. ವಿದೇಶದಿಂದ ನಾಯಿ ತರಿಸುವುದು ಕಷ್ಟವಿದ್ದ 1980, 90ರ ದಶಕಗಳಲ್ಲಿ ದೇಶದ ತುಂಬ ಮನೆಮಾತಾದ ನಾಯಿ ಅದು. ಸೆಕೆಗೆ ಒಗ್ಗಿಕೊಂಡಿದೆ, ಅನ್ನ ಮೊಸರು ತಿಂದು ಹದಿನಾಲ್ಕು ವರ್ಷ ಬದುಕಿದ್ದನ್ನೂ ನೋಡಿದ್ದೇನೆ. ಅದರಲ್ಲಿ ಚಿಕ್ಕ ಬಗೆಯದು ಐದರಿಂದ ಏಳು ಕೆಜಿ, ದೊಡ್ಡ ಬಗೆಯದು ಹನ್ನೆರಡು ಕೆಜಿ ದಾಟುತ್ತದೆ. ಪೊಮೆರೇನಿಯನ್ ಅದಲ್ಲ. ನಾಯಿ ತಳಿಗಳನ್ನು ನೋಂದಾಯಿಸುವ ಅಮೆರಿಕನ್ ಕೆನಲ್ ಕ್ಲಬ್ಬಿನ ಮಾನದಂಡ ಅದಕ್ಕೆ 3ರಿಂದ 7 ಪೌಂಡ್ ಎನ್ನುತ್ತದೆ, ಅಂದರೆ ಸುಮಾರು 1.4ರಿಂದ 3.2 ಕೆಜಿ. ಕೆನಲ್ ಕ್ಲಬ್ಬುಗಳ ಅಂತಾರಾಷ್ಟ್ರೀಯ ಒಕ್ಕೂಟವಾದ ಎಫ್‌ಸಿಐ ತೂಕ ಹೇಳದೆ ಹೆಗಲ ಎತ್ತರ 18ರಿಂದ 24 ಸೆಂಟಿಮೀಟರ್ ಎಂದು ಹೇಳುತ್ತದೆ.

ಎಂಟು ವಾರದಲ್ಲಿ ಎರಡೂ ಬಿಳಿ ಹತ್ತಿಯುಂಡೆಗಳೇ. ಆದರೂ ಗುರುತು ಹಿಡಿಯಬಹುದು. ಪೊಮೆರೇನಿಯನ್ನಿನ ಮೂತಿ ಮೋಟು, ತಲೆ ದುಂಡು, ಕಿವಿ ಸಣ್ಣ, ಮೈ ಗಿಡ್ಡ. ಸ್ಪಿಟ್ಜ್ ಮರಿಯ ಮೂತಿ ನರಿಯ ಹಾಗೆ ಮುಂದಕ್ಕೆ ಚಾಚಿರುತ್ತದೆ, ಕಿವಿ ದೊಡ್ಡದು, ಕಾಲು ಉದ್ದ. ಅಕ್ಕಪಕ್ಕ ಇಟ್ಟರೆ ತಕ್ಷಣ ತಿಳಿಯುತ್ತದೆ. ಒಂದನ್ನೇ ನೋಡಿದಾಗ ಮೋಸ ಹೋಗುತ್ತೇವೆ. ಬೆಲೆಯಲ್ಲಿ ಹಲವು ಪಟ್ಟು ಅಂತರ ಇರುವುದರಿಂದಲೇ ಸ್ಪಿಟ್ಜ್ ಮರಿ ಪೊಮ್ ಹೆಸರಿನಲ್ಲಿ ಮಾರಾಟವಾಗುತ್ತದೆ. ಸಾಸಿವೆಯೂ ಸ್ಪಿಟ್ಜ್. ಆ ತಳಿಯ ಬಗ್ಗೆ ನನಗೆ ಕಿಂಚಿತ್ತೂ ತಕರಾರಿಲ್ಲ. ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಮನೆಗಳಿಗೆ ಪೊಮ್‌ಗಿಂತ ಅದೇ ಒಳ್ಳೆಯ ನಾಯಿ ಎಂದು ನನ್ನ ಗಟ್ಟಿ ಅಭಿಪ್ರಾಯ. ತಿಳಿದು ತರಬೇಕು, ಅಷ್ಟೇ.

ಅಸಲಿ ಪೊಮ್ ತಂದರೂ ಒಂದು ಮಾತು ನೆನಪಿಡಿ. ಈ ತಳಿಯ ಪೂರ್ವಜರು ಉತ್ತರ ಯುರೋಪಿನ ದೊಡ್ಡ ಸ್ಪಿಟ್ಜ್ ನಾಯಿಗಳು. ಇಷ್ಟು ಚಿಕ್ಕದಾಗಿದ್ದು ಈಚಿನ ನೂರೈವತ್ತು ವರ್ಷಗಳಲ್ಲಿ. ವಿಕ್ಟೋರಿಯಾ ರಾಣಿ 1888ರಲ್ಲಿ ಇಟಲಿಯ ಫ್ಲಾರೆನ್ಸ್‌ನಿಂದ ಮಾರ್ಕೊ ಎಂಬ ಪೊಮ್ ತಂದು ಸಾಕಿದ ಮೇಲೆ ಚಿಕ್ಕ ಪೊಮ್‌ಗಳಿಗೆ ಎಲ್ಲಿಲ್ಲದ ಬೇಡಿಕೆ ಬಂತು. ಅಂದು ಚಿಕ್ಕದು ಎನಿಸಿದ್ದ ಆ ಮಾರ್ಕೊ ಸುಮಾರು 12 ಪೌಂಡ್, ಐದೂವರೆ ಕೆಜಿಯ ಹತ್ತಿರ. ಇಂದಿನ ಮಾನದಂಡಕ್ಕೆ ಅದು ದೊಡ್ಡ ನಾಯಿ. ತಾತ ಮುತ್ತಾತರ ಆ ಗಾತ್ರ ರಕ್ತದಲ್ಲಿ ಉಳಿದಿದೆ. ಎರಡೂವರೆ ಕೆಜಿಯ ತಂದೆ ತಾಯಿಗೆ ಐದು ಕೆಜಿಯ ಮಗ ಹುಟ್ಟುವುದು ಪೊಮ್‌ಗಳಲ್ಲಿ ಆಗಾಗ ಆಗುವ ಸಂಗತಿ. ಅದರಲ್ಲಿ ಮೋಸವೇನೂ ಇಲ್ಲ.

ಇನ್ನು ಶಿಹ್ ಟ್ಸು. ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ಈಗ ಅತಿ ಹೆಚ್ಚು ಕಾಣುವ ಚಿಕ್ಕ ನಾಯಿ. ಕೂದಲು ಬಿಟ್ಟರೆ ದೊಡ್ಡದು, ಕತ್ತರಿಸಿದರೆ ಚಿಕ್ಕದು ಎನಿಸುತ್ತದೆ. ಆದರೆ ಎತ್ತಿ ನೋಡಿ, ಗಟ್ಟಿ ಆಳು. ಎಫ್‌ಸಿಐ ಮಾನದಂಡ 4.5ರಿಂದ 8 ಕೆಜಿ, ಹೆಗಲ ಎತ್ತರ 27 ಸೆಂಟಿಮೀಟರ್ ಮೀರಬಾರದು. ಇದರಲ್ಲೂ "ಇಂಪೀರಿಯಲ್", "ಟೀಕಪ್" ಎಂಬ ಹೆಸರುಗಳಿವೆ. ಯಾವ ಕೆನಲ್ ಕ್ಲಬ್ಬೂ ಆ ಹೆಸರುಗಳನ್ನು ಒಪ್ಪಿಲ್ಲ. ಲಾಸಾ ಆಪ್ಸೋ ಜೊತೆ ಇದನ್ನು ಅದಲು ಬದಲು ಮಾಡುವುದೂ ಇದೆ. ತೂಕ ಹೆಚ್ಚೂ ಕಡಿಮೆ ಒಂದೇ ಆದ್ದರಿಂದ ಗಾತ್ರದ ದೃಷ್ಟಿಯಿಂದ ನಷ್ಟವಿಲ್ಲ, ಆದರೆ ಸ್ವಭಾವ ಬೇರೆ. ಲಾಸಾ ಮಠಗಳ ಬಾಗಿಲು ಕಾದ ನಾಯಿ, ಹೊಸಬರನ್ನು ಬೇಗ ನಂಬುವುದಿಲ್ಲ.

ಪಗ್ ವಿಷಯದಲ್ಲಿ ಜನಕ್ಕೆ ಗಾತ್ರದ ಗೊಂದಲ ಕಡಿಮೆ, ಹಚ್ ಜಾಹೀರಾತಿನ ಕಾಲದಿಂದ ಎಲ್ಲರೂ ಕಂಡಿದ್ದಾರೆ. ಮಾನದಂಡ 6.3ರಿಂದ 8.1 ಕೆಜಿ. ನಮ್ಮ ಮನೆಗಳಲ್ಲಿ ಚಪಾತಿ ಬಿಸ್ಕತ್ತು ತಿಂದು ಹನ್ನೆರಡಕ್ಕೆ ಹೋದ ಪಗ್‌ಗಳನ್ನು ಕಂಡಾಗ ಹೊಟ್ಟೆ ಉರಿಯುತ್ತದೆ. ಮೊದಲೇ ಉಸಿರಾಟ ಕಷ್ಟವಿರುವ ನಾಯಿ ಅದು.

ಮಾಲ್ಟೀಸ್ ಮೂರರಿಂದ ನಾಲ್ಕು ಕೆಜಿ. ಯಾರ್ಕ್‌ಷೈರ್ ಟೆರಿಯರ್ 3.2 ಕೆಜಿವರೆಗೆ. ಮಿನಿಯೇಚರ್ ಪಿಂಚರ್ ನಾಲ್ಕರಿಂದ ಆರು. ಈ ಮೂರಲ್ಲಿ ಮಾಲ್ಟೀಸ್ ನಿಜಕ್ಕೂ ಹೆಚ್ಚು ನಿಶ್ಚಿತ ಗಾತ್ರದ ತಳಿ, ಒಳ್ಳೆಯ ತಂದೆ ತಾಯಿ ಇದ್ದರೆ.

ಟಾಯ್ ಪೂಡಲ್ ಕೊಳ್ಳುವವರು ಕೆಜಿ ಕೇಳುವುದಕ್ಕಿಂತ ತಾಯಿಯ ಎತ್ತರ ಅಳೆಯಿರಿ. ಪೂಡಲ್‌ಗಳನ್ನು ಬೇರ್ಪಡಿಸುವುದೇ ಹೆಗಲ ಎತ್ತರದಿಂದ. ಎಫ್‌ಸಿಐ ಲೆಕ್ಕದಲ್ಲಿ 28 ಸೆಂಟಿಮೀಟರ್‌ವರೆಗೆ ಟಾಯ್, 28ರಿಂದ 35 ಮಿನಿಯೇಚರ್. ಗೆರೆಯ ಆಚೆ ಈಚೆ ಒಂದು ಸೆಂಟಿಮೀಟರ್ ಅಷ್ಟೇ ಇರುವುದರಿಂದ ಒಂದೇ ಸೂಲಿನಲ್ಲಿ ಒಂದು ಮರಿ ಟಾಯ್ ಆಗಿ, ಇನ್ನೊಂದು ಮಿನಿಯೇಚರ್ ಆಗಿ ಬೆಳೆಯಬಹುದು. ಮಾಲ್ಟೀಸ್, ಪೂಡಲ್ ಬೆರೆತ ಮಾಲ್ಟಿಪೂ ಥರದ ಮಿಶ್ರ ಮರಿಗಳಲ್ಲಿ ಇದು ಇನ್ನೂ ಹೆಚ್ಚು. ಪೂಡಲ್ ಕಡೆಯ ತಂದೆ ಟಾಯೋ ಮಿನಿಯೇಚರೋ ಎಂಬುದರ ಮೇಲೆ ಮೂರು ಕೆಜಿಯೂ ಆಗಬಹುದು, ಏಳೂ ಆಗಬಹುದು. ಒಂದೇ ಗೂಡಿನ ಎರಡು ಮರಿ ಎರಡು ಗಾತ್ರಕ್ಕೆ ಬೆಳೆದಾವು. ಗಾತ್ರ ಮುಖ್ಯ ಎನ್ನುವವರಿಗೆ ಮಿಶ್ರ ಮರಿ ನಾನು ಹೇಳುವುದಿಲ್ಲ.

ಚಿವಾವಾ ಎಲ್ಲಕ್ಕಿಂತ ಚಿಕ್ಕದು. ಎಫ್‌ಸಿಐ ಪ್ರಕಾರ 1.5ರಿಂದ 3 ಕೆಜಿ ಆದರ್ಶ ತೂಕ. ನಮ್ಮಲ್ಲಿ ಒಳ್ಳೆಯ ಸಾಲಿನ ಚಿವಾವಾ ಸಿಗುವುದು ಕಷ್ಟ. ಪಿಂಚರ್ ಬೆರೆತದ್ದೇ ಹೆಚ್ಚು, ಬೆರೆತರೆ ನಾಲ್ಕು ಐದು ಕೆಜಿಗೆ ಹೋಗುತ್ತದೆ.

ಅಂದಾಜಿಸುವ ದಾರಿಗಳಲ್ಲಿ ಯಾವುದನ್ನು ಎಷ್ಟು ನಂಬಬೇಕು

ಪಾದ ದೊಡ್ಡದಿದ್ದರೆ ನಾಯಿ ದೊಡ್ಡದಾಗುತ್ತದೆ ಎನ್ನುವುದನ್ನು ಚಿಕ್ಕ ತಳಿಗಳಲ್ಲಿ ಮರೆತುಬಿಡಿ. ಅದು ಬೀದಿ ನಾಯಿ, ಲ್ಯಾಬ್ರಡಾರ್‌ಗಳಿಗೆ ಅಷ್ಟೋ ಇಷ್ಟೋ ಹೊಂದೀತು.

"ಸೂಲಿನಲ್ಲಿ ಇದೇ ಚಿಕ್ಕ ಮರಿ" ಎನ್ನುವುದೂ ಭರವಸೆ ಅಲ್ಲ. ಹಾಲು ಸಾಲದೆ, ಜಂತುಹುಳು ಬಿದ್ದು, ಅಣ್ಣ ತಮ್ಮಂದಿರ ನೂಕಾಟದಲ್ಲಿ ಹಿಂದೆ ಬಿದ್ದ ಮರಿ ಅದು. ಹೊಟ್ಟೆ ತುಂಬ ಸಿಕ್ಕ ಮೇಲೆ ಉಳಿದವರ ಸಮಕ್ಕೆ ಬರುತ್ತದೆ. ಬರದಿದ್ದರೆ ಯಕೃತ್ತಿನ ರಕ್ತನಾಳದ ದೋಷದಂತಹ ಹುಟ್ಟುರೋಗ ಇದೆಯೇ ಎಂದು ವೈದ್ಯರು ನೋಡಬೇಕಾಗುತ್ತದೆ.

ಎಂಟು ವಾರದ ತೂಕದಿಂದ ಲೆಕ್ಕ ಹಾಕುವುದು ಎಲ್ಲರೂ ಮಾಡುವ ಕ್ರಮ. ಎರಡು ಮೂರು ಕೆಜಿಯ ನಾಯಿಗಳಲ್ಲಿ ಎಂಟು ವಾರದ ತೂಕದ ಸುಮಾರು ಮೂರು ಪಟ್ಟು, ಆರೇಳು ಕೆಜಿಯವುಗಳಲ್ಲಿ ನಾಲ್ಕು ಪಟ್ಟಿನ ಹತ್ತಿರ. ಹನ್ನೆರಡು ವಾರಕ್ಕೆ ತೂಗಿದರೆ ಎರಡರಿಂದ ಎರಡೂವರೆ ಪಟ್ಟು. ಇನ್ನೊಂದು ಸೂತ್ರ ಓಡಾಡುತ್ತದೆ: ತೂಕವನ್ನು ವಾರಗಳಿಂದ ಭಾಗಿಸಿ 52ರಿಂದ ಗುಣಿಸಿ ಎಂದು. ಅದು ಚಿಕ್ಕ ತಳಿಗೆ ಹೊಂದುವುದಿಲ್ಲ. ಅವು ಮೊದಲ ತಿಂಗಳುಗಳಲ್ಲಿ ಬೇಗ ಬೆಳೆದು, ಎಂಟರಿಂದ ಹನ್ನೆರಡು ತಿಂಗಳೊಳಗೆ ಬೆಳವಣಿಗೆ ಮುಗಿಸುತ್ತವೆ. ವರ್ಷವಿಡೀ ಒಂದೇ ವೇಗದಲ್ಲಿ ಬೆಳೆಯುತ್ತವೆ ಎಂದುಕೊಂಡು ಗುಣಿಸಿದರೆ ಅತಿಯಾದ ತೂಕ ಬಂದು ಸುಮ್ಮನೆ ಹೆದರಿಕೊಳ್ಳುತ್ತೀರಿ.

ನನ್ನ ಪುಸ್ತಕದಲ್ಲಿ ಬರೆದಿಟ್ಟ ಸಾಸಿವೆಯ ಲೆಕ್ಕ ಹೀಗಿದೆ. ಐದು ವಾರಕ್ಕೆ 900 ಗ್ರಾಂ, ಎಂಟಕ್ಕೆ 1.8 ಕೆಜಿ, ಹನ್ನೆರಡಕ್ಕೆ 3 ಕೆಜಿ, ಹದಿನಾರಕ್ಕೆ 4.1, ಆರು ತಿಂಗಳಿಗೆ 5.8, ಹತ್ತು ತಿಂಗಳಿಗೆ 7.1. ಅಲ್ಲಿಗೆ ನಿಂತಿತು. ಆರು ತಿಂಗಳ ನಂತರ ಏರಿಕೆ ಹೇಗೆ ನಿಧಾನವಾಗಿದೆ ನೋಡಿ. ಮನೆಯಲ್ಲಿ ತೂಗುವುದೂ ಸುಲಭ. ಮೊದಲ ತಿಂಗಳು ಅಡುಗೆಮನೆಯ ತಕ್ಕಡಿ ಸಾಕು, ಆಮೇಲೆ ನಾಯಿಯನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಲ್ಲಿ, ನಂತರ ನೀವೊಬ್ಬರೇ ನಿಲ್ಲಿ, ಕಳೆಯಿರಿ.

ಇವುಗಳಿಗಿಂತ ಒಳ್ಳೆಯದು ವಾಲ್‌ಥಮ್ ಎಂಬ ಸಾಕುಪ್ರಾಣಿ ಸಂಶೋಧನಾ ಸಂಸ್ಥೆಯ ಬೆಳವಣಿಗೆಯ ನಕ್ಷೆ. 2017ರಲ್ಲಿ ಪ್ರಕಟವಾದ ಸಂಶೋಧನೆಯ ಮೇಲೆ ರೂಪಿಸಿದ್ದು. ಅಂಗನವಾಡಿಯಲ್ಲಿ ಮಕ್ಕಳ ತೂಕಕ್ಕೆ ಗೆರೆ ಹಾಕುತ್ತಾರಲ್ಲ, ಹಾಗೆಯೇ. ಹನ್ನೆರಡು ವಾರದಿಂದ ಎರಡು ವರ್ಷದವರೆಗೆ ಅನ್ವಯ. ದೊಡ್ಡದಾದ ಮೇಲೆ 6.5 ಕೆಜಿಯೊಳಗೆ ನಿಲ್ಲುವ ನಾಯಿಗಳಿಗೆ ಒಂದು ನಕ್ಷೆ, 6.5ರಿಂದ 9 ಕೆಜಿಯವುಗಳಿಗೆ ಇನ್ನೊಂದು, ಗಂಡು ಹೆಣ್ಣಿಗೆ ಬೇರೆ ಬೇರೆ. ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಮರಿ ತನ್ನ ಗೆರೆಯ ಮೇಲೆ ಸಾಗುತ್ತಿದ್ದರೆ ಸರಿ, ಗೆರೆ ದಾಟಿ ಕೆಳಗಿಳಿದರೂ ಮೇಲೇರಿದರೂ ವೈದ್ಯರಿಗೆ ತೋರಿಸಿ. ಕೊಳ್ಳುವ ದಿನದ ಪ್ರಶ್ನೆಗೆ ಇದು ಉತ್ತರ ಕೊಡುವುದಿಲ್ಲ, ಮನೆಗೆ ತಂದ ಮೇಲೆ ತುಂಬ ಉಪಯೋಗ.

ನಾಲ್ಕರಿಂದ ಎಂಟು ತಿಂಗಳ ನಡುವೆ ಪೊಮ್ ಮತ್ತು ಸ್ಪಿಟ್ಜ್ ಮರಿಗಳು ಎಳೆಗೂದಲು ಉದುರಿಸಿ ಮಂಗನ ಹಾಗೆ ಕಾಣುತ್ತವೆ. ಕಾಲು ಕಡ್ಡಿ, ಮುಖ ಬೋಳು. "ಇದೇನು ಉದ್ದ ಆಗಿಬಿಟ್ಟಿತು, ಮೋಸ ಹೋದೆವು" ಎಂದು ಆಗ ತುಂಬ ಜನ ಫೋನ್ ಮಾಡುತ್ತಾರೆ. ತಕ್ಕಡಿ ನೋಡಿ, ಕನ್ನಡಿ ಬೇಡ. ಕೂದಲು ವರ್ಷ ತುಂಬುವ ಹೊತ್ತಿಗೆ ಮರಳುತ್ತದೆ.

ಎಲ್ಲಕ್ಕಿಂತ ಹೆಚ್ಚು ನಂಬಬೇಕಾದ್ದು ತಾಯಿಯನ್ನು. ಫೋಟೋ ಅಲ್ಲ, ವಿಡಿಯೋ ಅಲ್ಲ. ಎದುರಿಗೆ, ಮರಿಗಳಿಗೆ ಹಾಲು ಕೊಡುತ್ತಿರುವ ತಾಯಿ. ತಂದೆಯನ್ನು ಬೇರೆ ಊರಿನಿಂದ ಕರೆಸಿರಬಹುದು, ಅದು ಇಲ್ಲದಿದ್ದರೆ ಒಪ್ಪಬಹುದು. ತಾಯಿ ಇಲ್ಲ ಎಂದರೆ ಮರಿ ಅಲ್ಲಿ ಹುಟ್ಟಿದ್ದಲ್ಲ. ತಾಯಿಯನ್ನು ನಿಮ್ಮೆದುರು ತೂಗಿಸಿ. ಹಿಂದಿನ ಸೂಲಿನ ಮರಿಗಳು ಈಗ ಯಾರ ಮನೆಯಲ್ಲಿವೆ, ಎಷ್ಟು ತೂಗುತ್ತವೆ ಎಂದು ಕೇಳಿ. ಒಂದೂವರೆ ವರ್ಷದ ಅಕ್ಕನ ತೂಕ ತಂದೆ ತಾಯಿಯ ತೂಕಕ್ಕಿಂತಲೂ ಒಳ್ಳೆಯ ಸಾಕ್ಷಿ, ಏಕೆಂದರೆ ಅದೇ ಜೋಡಿಯ ರಕ್ತ ಅದರಲ್ಲಿ ಹರಿಯುತ್ತಿದೆ. ಒಳ್ಳೆಯ ಬ್ರೀಡರ್ ಖುಷಿಯಿಂದ ಹೇಳುತ್ತಾರೆ, ಮರಿಗಳ ವಾರವಾರದ ತೂಕದ ಹಾಳೆಯನ್ನೂ ತೋರಿಸುತ್ತಾರೆ.

ಕೆನಲ್ ಕ್ಲಬ್ ಆಫ್ ಇಂಡಿಯಾದ ಪ್ರಮಾಣಪತ್ರ ಇದ್ದರೆ ವಂಶಾವಳಿ ಗೊತ್ತಾಗುತ್ತದೆ, ಹುಟ್ಟಿದ ದಿನಾಂಕ ಗೊತ್ತಾಗುತ್ತದೆ. ಆ ದಿನಾಂಕಕ್ಕಾಗಿಯೇ ಅದನ್ನು ಕೇಳಬೇಕು ಎನ್ನುವೆ. ಆದರೆ ಪ್ರಮಾಣಪತ್ರ ಗಾತ್ರಕ್ಕೆ ಜಾಮೀನಲ್ಲ. ಅದರಲ್ಲಿನ ಮೈಕ್ರೋಚಿಪ್ ಸಂಖ್ಯೆ ಮರಿಯ ಮೈಯಲ್ಲಿರುವ ಚಿಪ್ಪಿಗೆ ಹೊಂದುತ್ತದೆಯೇ ಎಂದು ವೈದ್ಯರ ಬಳಿ ಓದಿಸಿ ನೋಡಿ.

ಡಿಎನ್‌ಎ ಪರೀಕ್ಷೆಯ ಬಗ್ಗೆಯೂ ಕೇಳುತ್ತಾರೆ. ನಾಯಿಯ ಗಾತ್ರದ ಹಿಂದೆ ಐಜಿಎಫ್‌1 ಎಂಬ ಜೀನ್ ದೊಡ್ಡ ಕೆಲಸ ಮಾಡುತ್ತದೆ ಎಂದು 2007ರಲ್ಲಿ ತಿಳಿಯಿತು. ಚಿಕ್ಕ ಮೈಗೆ ಸಂಬಂಧಿಸಿದ ಬದಲಾವಣೆ 54 ಸಾವಿರ ವರ್ಷದ ಹಿಂದಿನ ತೋಳದಲ್ಲೇ ಇತ್ತು ಎಂದು 2022ರ ಸಂಶೋಧನೆ ತೋರಿಸಿತು. ಮನುಷ್ಯ ನಾಯಿ ಸಾಕುವುದಕ್ಕೂ ಮುಂಚಿನ ಮಾತು ಇದು, ಓದಿದಾಗ ನನಗೆ ಮೈ ಜುಮ್ಮೆಂದಿತು. ಆದರೆ ಗಾತ್ರವನ್ನು ನಿರ್ಧರಿಸುವ ಜೀನ್‌ಗಳು ಇನ್ನೂ ಹಲವು. ಬೆರಕೆ ಇದೆಯೇ ಎಂದು ತಿಳಿಯಲು ಪರೀಕ್ಷೆ ಒಳ್ಳೆಯದು, ಕೊನೆಯ ಅರ್ಧ ಕೆಜಿಯನ್ನು ಹೇಳಲು ಅಲ್ಲ.

ತೀರಾ ಚಿಕ್ಕದು ಬೇಕೆನ್ನುವವರಿಗೆ

ತಳಿಯ ಮಾನದಂಡದ ಮಧ್ಯದಲ್ಲಿರುವ ಮರಿ, ಅದಕ್ಕಿಂತ ಅರ್ಧಕ್ಕರ್ಧ ಚಿಕ್ಕ "ಟೀಕಪ್" ಮರಿ, ಎರಡೂ ನಿಮ್ಮೆದುರು ಇದ್ದರೆ ಮೊದಲನೆಯದನ್ನೇ ತನ್ನಿ. ಇದರಲ್ಲಿ ನನಗೆ ಎರಡು ಮನಸ್ಸಿಲ್ಲ.

ನಮ್ಮ ಮನೆಯ ಹಿಂದಿನ ಬೀದಿಯಲ್ಲಿ ಒಂದು ಕೆಜಿ ದಾಟದ ಪೊಮ್ ಇತ್ತು. ನೆತ್ತಿ ಮುಟ್ಟಿದರೆ ಹಸುಗೂಸಿನ ನೆತ್ತಿಯ ಹಾಗೆ ಮೆತ್ತಗೆ, ಒಳಗೆ ಮಿಡಿತ ತಿಳಿಯುತ್ತಿತ್ತು. ತಲೆಬುರುಡೆ ಕೂಡಿಕೊಂಡಿರಲೇ ಇಲ್ಲ. ಒಂದು ಹೊತ್ತು ತಿನ್ನದಿದ್ದರೆ ರಕ್ತದ ಸಕ್ಕರೆ ಇಳಿದು ಕಾಲು ತಡವರಿಸಿ ಬೀಳುತ್ತಿತ್ತು. ರಾತ್ರಿ ಎರಡು ಗಂಟೆಗೆ ಆ ಮನೆಯ ಹುಡುಗಿ ಅಲಾರಂ ಇಟ್ಟು ಎದ್ದು ಉಣಿಸುತ್ತಿದ್ದಳು. ಒಂದು ದಿನ ಸೋಫಾದಿಂದ ಹಾರಿತು, ಮುಂಗಾಲಿನ ಎರಡೂ ಮೂಳೆ ಮುರಿದವು. ಮೂಳೆ ಪೆನ್ಸಿಲ್‌ಗಿಂತ ಸಣ್ಣ. ಅರಿವಳಿಕೆ ಕೊಡಲು ವೈದ್ಯರೇ ಯೋಚಿಸಿದರು. ಆ ಹುಡುಗಿ ಮಾಡದ ಸೇವೆ ಇಲ್ಲ, ನಾಯಿ ಎರಡು ವರ್ಷ ಬದುಕಿತು.

ಮೊಣಕಾಲ ಚಿಪ್ಪು ಜಾರುವುದು, ಶ್ವಾಸನಾಳ ಕುಸಿದು ಹೆಬ್ಬಾತಿನ ಹಾಗೆ ಕೆಮ್ಮುವುದು, ಇಕ್ಕಟ್ಟಾದ ದವಡೆಯಲ್ಲಿ ಹಾಲುಹಲ್ಲು ಉದುರದೆ ಉಳಿಯುವುದು, ಇವೆಲ್ಲ ಚಿಕ್ಕ ತಳಿಗಳಲ್ಲಿ ಇದ್ದದ್ದೇ. ತೀರಾ ಚಿಕ್ಕದಾದಷ್ಟೂ ಹೆಚ್ಚು. ಯಾವುದೇ ಟಾಯ್ ಮರಿ ತಂದರೂ ಮೊದಲ ನಾಲ್ಕು ತಿಂಗಳು ದಿನಕ್ಕೆ ನಾಲ್ಕು ಸಲ ಉಣಿಸಿ. ಮಂಕಾಗಿ ಓಲಾಡಿದರೆ ವಸಡಿಗೆ ಸ್ವಲ್ಪ ಜೇನು ಅಥವಾ ಸಕ್ಕರೆ ನೀರು ಸವರಿಕೊಂಡೇ ಆಸ್ಪತ್ರೆಗೆ ಓಡಿ.

ಇನ್ನೊಂದನ್ನು ಕೈಮುಗಿದು ಹೇಳುತ್ತೇನೆ. ಚಿಕ್ಕದಾಗೇ ಉಳಿಯಲಿ ಎಂದು ಮರಿಗೆ ಊಟ ಕಡಿಮೆ ಮಾಡಬೇಡಿ. "ದಿನಾ ಎರಡು ಚಮಚ ಸಾಕು, ಜಾಸ್ತಿ ಹಾಕಿದರೆ ಬೆಳೆದುಬಿಡುತ್ತೆ" ಎಂದು ಮಾರುವವರು ಹೇಳಿಕೊಡುತ್ತಾರೆ. ನನಗೂ ಹೇಳಿದ್ದ. ಎಷ್ಟೆತ್ತರ ಬೆಳೆಯಬೇಕೆಂಬುದು ರಕ್ತದಲ್ಲಿ ಬರೆದಿರುತ್ತದೆ. ಹಸಿದ ಮರಿ ಪುಟ್ಟ ನಾಯಿ ಆಗುವುದಿಲ್ಲ, ರೋಗಿಷ್ಟ ನಾಯಿ ಆಗುತ್ತದೆ. ಮರಿಗಳನ್ನು ಕೊಲ್ಲುವ ಪಾರ್ವೋ ಎಂಬ ವಾಂತಿಭೇದಿಯ ಸೋಂಕು ಬಂದರೆ ತಡೆದುಕೊಳ್ಳಲು ಮೈಯಲ್ಲಿ ಏನೂ ಇರುವುದಿಲ್ಲ.

ಯಾರ ಮನೆಗೆ ಯಾವುದು

ಐದು ವರ್ಷದೊಳಗಿನ ಮಕ್ಕಳಿದ್ದರೆ ಎರಡು ಕೆಜಿಯ ನಾಯಿ ಬೇಡ. ಮಗು ಪ್ರೀತಿಯಿಂದ ಎತ್ತಿ ಕೈ ಜಾರಿಸಿದರೂ ಸಾಕು, ಕಾಲು ಮುರಿಯುತ್ತದೆ. ಶಿಹ್ ಟ್ಸು ಅಥವಾ ಚಿಕ್ಕ ಸ್ಪಿಟ್ಜ್ ಒಳ್ಳೆಯದು.

ವಯಸ್ಸಾದವರು ಎತ್ತಿಕೊಳ್ಳಬೇಕು ಎಂದರೆ ಮಾಲ್ಟೀಸ್, ಇಲ್ಲವೇ ತಾಯಿಯ ಎತ್ತರ ಅಳೆದು ತಂದ ಟಾಯ್ ಪೂಡಲ್. ಇವತ್ತು ನಮ್ಮ ಮನೆಗೆ ಹೊಸದಾಗಿ ತರುವುದಾದರೆ ನಾನು ನೋಡುವುದು ಇವೆರಡನ್ನೇ.

ವಿಮಾನದಲ್ಲಿ ಜೊತೆಗೆ ಕೂರಿಸಿಕೊಂಡು ಹೋಗುವ ಆಸೆ ಇದ್ದರೆ ಕಂಪನಿಗಳು ಹೇಳುವ ತೂಕ ನಾಯಿಯದ್ದಷ್ಟೇ ಅಲ್ಲ, ಬುಟ್ಟಿಯದ್ದೂ ಸೇರಿ. ಖಾಲಿ ಬುಟ್ಟಿಯೇ ಒಂದೂವರೆ ಎರಡು ಕೆಜಿ ತೂಗುತ್ತದೆ. ಟಿಕೆಟ್ ಮಾಡಿಸುವಾಗ ಅಂದಿನ ನಿಯಮ ಕೇಳಿ, ಮಿತಿಯಿಂದ ಬುಟ್ಟಿಯ ತೂಕ ಕಳೆದು ನೋಡಿ.

"ನಮ್ಮ ಅಪಾರ್ಟ್‌ಮೆಂಟಿನಲ್ಲಿ ಚಿಕ್ಕ ನಾಯಿಗೆ ಮಾತ್ರ ಅವಕಾಶ" ಎಂಬ ಒಂದೇ ಕಾರಣಕ್ಕೆ ಟಾಯ್ ಮರಿ ಹುಡುಕುವವರಿದ್ದಾರೆ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಮಾರ್ಗಸೂಚಿ ಓದಿ. ಚಿಕ್ಕ ನಾಯಿ ಸರಿ, ದೊಡ್ಡದು ಬೇಡ ಎಂದು ನಿವಾಸಿಗಳ ಸಂಘ ಭೇದ ಮಾಡುವಂತಿಲ್ಲ ಎಂದು ಅದರಲ್ಲಿದೆ. ಸಂಘದವರ ಮಾತಿಗೆ ಹೆದರಿ ನಿಮಗೆ ಹೊಂದದ ತಳಿ ತರಬೇಕಾಗಿಲ್ಲ.

ಗಾತ್ರದ ವಿಷಯದಲ್ಲಿ ಒಂದು ಕೆಜಿಯೂ ಹೆಚ್ಚು ಕಡಿಮೆ ಆಗಬಾರದು ಎನ್ನುವ ಮನೆಗಳೂ ಇವೆ. ಅಂಥವರಿಗೆ ನನ್ನ ಉತ್ತರ ಒಂದೇ: ಮರಿ ತರಬೇಡಿ, ಬೆಳೆದ ನಾಯಿ ತನ್ನಿ. ಹತ್ತು ತಿಂಗಳು ದಾಟಿದ ಚಿಕ್ಕ ನಾಯಿಯ ತೂಕ ಊಹೆಯಲ್ಲ, ತಕ್ಕಡಿಯಲ್ಲಿ ಕಾಣುವ ಅಂಕಿ. ಸ್ಪರ್ಧೆಗೆಂದು ಉಳಿಸಿಕೊಂಡು ಆಮೇಲೆ ಬೇಡವಾದ ವರ್ಷದ ನಾಯಿಗಳು ಒಳ್ಳೆಯ ಬ್ರೀಡರ್‌ಗಳ ಬಳಿ ಇರುತ್ತವೆ. ಬೆಂಗಳೂರಿನ ಕ್ಯೂಪಾದಂತಹ ಪ್ರಾಣಿರಕ್ಷಣಾ ಸಂಸ್ಥೆಗಳಲ್ಲಿ ಮನೆಯವರು ಬಿಟ್ಟುಹೋದ ಶಿಹ್ ಟ್ಸು, ಪಗ್, ಸ್ಪಿಟ್ಜ್‌ಗಳು ಹೊಸ ಮನೆಗೆ ಕಾದಿರುತ್ತವೆ. ಅವುಗಳಲ್ಲಿ ಕೆಲವನ್ನು ಬಿಟ್ಟಿದ್ದೇ "ಹೇಳಿದ್ದಕ್ಕಿಂತ ದೊಡ್ಡದಾಯಿತು" ಎಂದು. ನಾಲ್ಕು ವರ್ಷದ ಶಿಹ್ ಟ್ಸು ನಿಮ್ಮನ್ನು ಒಪ್ಪಿಕೊಳ್ಳದು ಎಂದು ಹೆದರಬೇಡಿ. ನನ್ನ ತಂಗಿ ಕಳೆದ ವರ್ಷ ಅಂಥ ಒಬ್ಬನನ್ನು ತಂದಳು. ಮೊದಲ ವಾರ ಮಂಚದ ಕೆಳಗಿದ್ದ, ಎರಡನೇ ವಾರ ಅವಳ ಚಪ್ಪಲಿ ಮೇಲೆ ತಲೆಯಿಟ್ಟು ಮಲಗಿದ. 5.6 ಕೆಜಿ ತಂದ ದಿನ, 5.6 ಕೆಜಿ ಇಂದೂ.

ನಮ್ಮ ಅತ್ತೆ ಸಾಸಿವೆಯನ್ನು ಎತ್ತಲಾರರು. ಅದಕ್ಕೆ ಮೂರನೇ ಮಹಡಿಯ ಮೆಟ್ಟಿಲ ಪಕ್ಕ ಹಳೆಯ ಸೀರೆಯಲ್ಲಿ ಹೊಲಿದ ಜೋಲಿಯೊಂದು ನೇತಾಡುತ್ತಿದೆ. ಎರಡೂ ಕಡೆ ಹಿಡಿಕೆ. ಹುಷಾರು ತಪ್ಪಿದ ದಿನ ನಾಯಿಯನ್ನು ಅದರಲ್ಲಿ ಕೂರಿಸಿ, ಒಂದು ಹಿಡಿಕೆ ಅತ್ತೆ, ಇನ್ನೊಂದು ಎದುರು ಮನೆಯ ಹುಡುಗ ಹಿಡಿದು ಇಳಿಸುತ್ತಾರೆ.